ಚಿಮಣಿಯೊಳಗೆ ನೋಡಲು ಏನು ಕೊಳ್ಳಬೇಕು: ಕನ್ನಡಿಯೋ, ಮೊಬೈಲೋ, ಎಂಡೊಸ್ಕೋಪೋ?

ಕಲಬುರಗಿಯ ಖಾನಾವಳಿಯವರು, ಬೀದರಿನ ಬೇಕರಿಯವರು, ಯಾದಗಿರಿ ಕಡೆ ಮನೆಯಲ್ಲಿ ಇನ್ನೂ ಕಟ್ಟಿಗೆ ಒಲೆ ಉಳಿಸಿಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಆನ್‌ಲೈನ್‌ದಾಗ ಸಾವಿರ ರೂಪಾಯಿಗೆ ಪೈಪಿನೊಳಗ ಬಿಡೋ ಕ್ಯಾಮೆರಾ ಸಿಗ್ತದ. ಅದೊಂದು ತಗೊಂಡ್ರ ಚಿಮಣಿ ನೋಡ್ಲಾಕ ಸಾಕಲ್ರೀ?"

ಎಂಡೊಸ್ಕೋಪ್ ಎನ್ನುವ ಈ ಕ್ಯಾಮೆರಾ ಕೆಲವರಿಗೆ ಸಾಕು. ಕೆಲವರಿಗೆ ಅದು ಬೇಕಾಗುವುದೇ ಇಲ್ಲ, ಇನ್ನೂರು ರೂಪಾಯಿಯ ಕನ್ನಡಿ ಅದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಇನ್ನು ಕೆಲವರ ಚಿಮಣಿಯಲ್ಲಿ ತೊಂದರೆ ಇರುವುದು ಕಣ್ಣಿಗೆ ಕಾಣುವಂಥದ್ದೇ ಅಲ್ಲ. ಅಲ್ಲಿ ಎಷ್ಟು ದುಬಾರಿ ಕ್ಯಾಮೆರಾ ಇಳಿಸಿದರೂ ಸಿಗುವುದು ಕಪ್ಪು ಗೋಡೆಯ ವಿಡಿಯೊ ಮಾತ್ರ. ಆದ್ದರಿಂದ ಬೆಲೆ ನೋಡುವ ಮುಂಚೆ ನಿಮ್ಮ ಚಿಮಣಿ ಹೇಗಿದೆ, ಅದರಲ್ಲಿ ಏನನ್ನು ತಿಳಿಯಬೇಕಾಗಿದೆ ಎಂಬುದನ್ನು ಗೊತ್ತುಮಾಡಿಕೊಳ್ಳೋಣ.

ಇಲ್ಲಿ ಚಿಮಣಿ ಎಂದರೆ ಕಟ್ಟಿಗೆ, ಕುಳ್ಳು, ಇದ್ದಿಲು ಉರಿಯುವ ಒಲೆ, ಭಟ್ಟಿ, ತಂದೂರಿನ ಹೊಗೆಯನ್ನು ಹೊರಗೆ ಹಾಕುವ ಕೊಳವೆ. ಗ್ಯಾಸ್ ಒಲೆಯ ಮೇಲೆ ಗೋಡೆಗೆ ಕೂರಿಸುವ ಕರೆಂಟಿನ ಚಿಮಣಿಯ ಮಾತು ಬೇರೆ.

ಏನನ್ನು ಹುಡುಕುತ್ತಿದ್ದೀರಿ?

ಚಿಮಣಿಯ ತಪಾಸಣೆಯಲ್ಲಿ ತಿಳಿಯಬೇಕಾದದ್ದು ನಾಲ್ಕು ಸಂಗತಿ. ಒಳಗೆ ಮಸಿ ಎಷ್ಟು ದಪ್ಪ ಕೂತಿದೆ, ಯಾವ ಬಗೆಯದು? ದಾರಿ ಪೂರ್ತಿ ತೆರೆದಿದೆಯೇ, ಎಲ್ಲಾದರೂ ಗೂಡು, ಇಟ್ಟಿಗೆ ಚೂರು ಸಿಕ್ಕಿಕೊಂಡಿದೆಯೇ? ಗೋಡೆಯಲ್ಲಿ, ಜೋಡಣೆಗಳಲ್ಲಿ ಬಿರುಕು ಇದೆಯೇ, ಹೊಗೆ ಸೋರುತ್ತಿದೆಯೇ? ಕೊನೆಯದಾಗಿ, ಚಿಮಣಿ ಹೊಗೆಯನ್ನು ಸರಿಯಾಗಿ ಎಳೆಯುತ್ತಿದೆಯೇ? ಮೊದಲ ಎರಡಕ್ಕೆ ಕಣ್ಣು ಬೇಕು. ಮೂರನೆಯದಕ್ಕೆ ಕಣ್ಣು ಅರ್ಧ ಕೆಲಸ ಮಾಡುತ್ತದೆ. ನಾಲ್ಕನೆಯದಕ್ಕೆ ಕಣ್ಣಿನಿಂದ ಏನೂ ಆಗದು, ಅಲ್ಲಿ ಹೊಗೆಯನ್ನೇ ಕೇಳಬೇಕು.

ಮಸಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲ ಮಸಿಯೂ ಒಂದೇ ಅಲ್ಲ. ಒಣ ಕಟ್ಟಿಗೆ ಚೆನ್ನಾಗಿ ಉರಿದರೆ ಕೂರುವುದು ಪುಡಿಮಸಿ. ಬ್ರಶ್ ಆಡಿಸಿದರೆ ಉದುರುತ್ತದೆ. ಕಟ್ಟಿಗೆ ಅರೆ ಹಸಿ ಇದ್ದರೆ, ಅಥವಾ ಗಾಳಿ ಸಾಲದೆ ಹೊಗೆಯಾಡುತ್ತ ಉರಿದರೆ, ಪದರು ಪದರಾಗಿ ಹೊಪ್ಪಳೆ ಕಟ್ಟುತ್ತದೆ. ಮೂರನೆಯದು ಡಾಂಬರಿನಂತೆ ಹೊಳೆಯುವ, ಗಟ್ಟಿಯಾಗಿ ಅಂಟಿದ ಲೇಪ. ಹೊಗೆಯಲ್ಲಿರುವ ಎಣ್ಣೆಯಂಶ ತಣ್ಣನೆಯ ಗೋಡೆಗೆ ತಾಗಿ ಹೆಪ್ಪುಗಟ್ಟಿ ಆಗುವ ಇದಕ್ಕೆ ಕ್ರಿಯೋಸೋಟ್ ಎನ್ನುತ್ತಾರೆ. ಕೊಳವೆಯ ಒಳಮೈ ಸುಮಾರು 120 ಡಿಗ್ರಿಗಿಂತ ಕೆಳಗಿದ್ದರೆ ಇದು ಬೇಗ ಬೆಳೆಯುತ್ತದೆ. ಗೋಡೆಯ ಹೊರಗೆ ಬಯಲಲ್ಲಿ ನಿಂತ ಬರೀ ತಗಡಿನ ಪೈಪು ಬೀದರಿನ ಡಿಸೆಂಬರ್ ಚಳಿಯಲ್ಲಿ ಎಷ್ಟು ತಣ್ಣಗಿರುತ್ತದೆ ಎಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಇಂಥ ಪೈಪುಗಳ ಮೇಲಿನ ಭಾಗದಲ್ಲೇ ಲೇಪ ಹೆಚ್ಚು.

ಮಸಿ 3 ಮಿಲಿಮೀಟರ್ ದಪ್ಪ ಆದರೆ ತೆಗೆಯಿಸಲೇಬೇಕು ಎಂಬುದು ಚಿಮಣಿ ಕೆಲಸದವರು ಒಪ್ಪಿಕೊಂಡು ಬಂದ ಅಳತೆ. ಎರಡು ಹತ್ತು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಹೊಳೆಯುವ ಲೇಪಕ್ಕೆ ಈ ಅಳತೆಯೂ ಇಲ್ಲ, ಕಂಡರೆ ಸಾಕು, ಒಲೆ ನಿಲ್ಲಿಸಬೇಕು. ಅದು ಹೊತ್ತಿಕೊಂಡರೆ ಕೊಳವೆಯೊಳಗಿನ ಉರಿ ಸಾವಿರ ಡಿಗ್ರಿ ದಾಟಬಲ್ಲದು. ದಾರಿ ಕಟ್ಟಿಕೊಂಡರೆ ಅಪಾಯ ಇನ್ನೊಂದು ಬಗೆಯದು: ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅಡುಗೆಮನೆಗೇ ಮರಳುತ್ತದೆ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ದಿನಾ ತಲೆನೋವು, ತಲೆಸುತ್ತು, ವಾಕರಿಕೆ ಎನ್ನುತ್ತಿದ್ದರೆ, ಹೊರಗೆ ಬಂದಾಗ ಕಡಿಮೆಯಾಗುತ್ತಿದ್ದರೆ, ಬಿಸಿಲಿನ ಮೇಲೆ ಹಾಕಬೇಡಿ. ಮೊದಲು ಚಿಮಣಿ ನೋಡಿ.

ಸಾಧನ ಆರಿಸುವ ಮುಂಚೆ ಇಷ್ಟನ್ನು ಒಂದು ಚೀಟಿಯ ಮೇಲೆ ಬರೆದುಕೊಳ್ಳಿ: ಕೊಳವೆ ಎಷ್ಟು ಅಡಿ ಎತ್ತರ, ಒಳಗಿನ ಅಗಲ ಎಷ್ಟು ಇಂಚು, ಎಷ್ಟು ಬೆಂಡ್ ಇವೆ, ಒಳಗೆ ಇಣುಕಲು ಎಲ್ಲೆಲ್ಲಿ ಬಾಯಿ ಇದೆ. ಆಯ್ಕೆಯ ಮುಕ್ಕಾಲು ಪಾಲು ಈ ಚೀಟಿಯೇ ಮಾಡುತ್ತದೆ. ಉಳಿದದ್ದಕ್ಕೆ ಎರಡು ಮಾತು ನೆನಪಿರಲಿ: ಮೇಲೆ ಹತ್ತದೆ ಕೆಲಸ ಆಗಬೇಕು, ಮತ್ತು ಈ ವರ್ಷ ಕಂಡದ್ದನ್ನು ಬರುವ ವರ್ಷ ಹೋಲಿಸಲು ಏನಾದರೂ ದಾಖಲೆ ಉಳಿಯಬೇಕು.

ಕನ್ನಡಿ ಮತ್ತು ಟಾರ್ಚ್

ನೇರ ಕೊಳವೆ ಇದ್ದವರು ಇಲ್ಲೇ ನಿಲ್ಲಬಹುದು. ಗ್ಯಾರೇಜಿನವರು ಬಳಸುವ, ಉದ್ದ ಎಳೆಯಬಹುದಾದ ಹಿಡಿಕೆಯ ತಿರುಗುವ ಕನ್ನಡಿ ಇನ್ನೂರು-ಮುನ್ನೂರು ರೂಪಾಯಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದೂ ಬೇಡವೆಂದರೆ ಹಳೆಯ ಬೈಕಿನ ಕನ್ನಡಿ ಆದೀತು, ಆದರೆ ಅದು ಉಬ್ಬುಗನ್ನಡಿಯಾಗಿರಬಾರದು. ಉಬ್ಬುಗನ್ನಡಿಯಲ್ಲಿ ಎಲ್ಲವೂ ಚಿಕ್ಕದಾಗಿ, ದೂರ ಇದ್ದಂತೆ ಕಂಡು ಮಸಿಯ ದಪ್ಪ ತಿಳಿಯುವುದಿಲ್ಲ.

ಒಲೆಯ ಹಿಂದಿನ ಬಾಯಲ್ಲಿ, ಅಥವಾ ಬೂದಿ ತೆಗೆಯುವ ಕಿಂಡಿಯಲ್ಲಿ ಕನ್ನಡಿಯನ್ನು 45 ಡಿಗ್ರಿ ಓರೆಯಾಗಿ ಹಿಡಿಯಿರಿ. ನೇರ ಕೊಳವೆಯಾದರೆ ಮೇಲೆ ಆಕಾಶದ ಬಿಲ್ಲೆ ಪೂರ್ತಿ ಕಾಣಬೇಕು. ಕೊಳವೆ ದುಂಡಗಿದ್ದು ಬಿಲ್ಲೆ ಅರ್ಧಚಂದ್ರನಂತೆ ಕಂಡರೆ ನಡುವೆ ಏನೋ ಅಡ್ಡ ಇದೆ, ಇಲ್ಲವೇ ಕೊಳವೆ ಎಲ್ಲೋ ವಾಲಿದೆ. ಬಿಲ್ಲೆಯ ಅಂಚು ಹರಿದ ಹಾಗೆ ಕಂಡರೆ ಅದು ಮಸಿಯ ಹೊಪ್ಪಳೆ. ತುದಿಗೆ ಟೋಪಿ ಇದ್ದರೆ ಆಕಾಶ ಕಾಣುವುದಿಲ್ಲ, ಸುತ್ತಲಿಂದ ಬರುವ ಬೆಳಕಿನ ಉಂಗುರ ಮಾತ್ರ ಕಾಣುತ್ತದೆ. ಅದೂ ಕಾಣದಿದ್ದರೆ ಟೋಪಿಯ ಜಾಳಿಗೆಗೆ ಮಸಿ ಮೆತ್ತಿದೆ ಎಂದೇ ಲೆಕ್ಕ. ಹೊಗೆ ತಿರುಗಿ ಒಳಗೆ ಬರುವ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಈ ಜಾಳಿಗೆಯೇ.

ಗೋಡೆಯ ಮೈ ನೋಡಲು ಬೆಳಕು ಬೇಕು, ಮತ್ತು ಮಸಿ ಬೆಳಕನ್ನು ನುಂಗಿಬಿಡುತ್ತದೆ. ಸಾಮಾನ್ಯ ಟಾರ್ಚು ಐದಾರು ಅಡಿಗೆ ಸೋಲುತ್ತದೆ. ಇಲ್ಲಿ ನಮ್ಮ ಬಿಸಿಲು ಉಪಕಾರಿ. ಇನ್ನೊಬ್ಬರು ಬಾಗಿಲಲ್ಲಿ ನಿಂತು ದೊಡ್ಡ ಕನ್ನಡಿಯಿಂದ ಬಿಸಿಲನ್ನು ಒಳಗೆ ಹಾಯಿಸಲಿ, ನೀವು ಒಲೆಯ ಬಾಯಿಯ ಕನ್ನಡಿಯಿಂದ ಅದನ್ನು ಮೇಲಕ್ಕೆ ತಿರುಗಿಸಿ. ಹದಿನೈದು ಅಡಿಯ ಕೊಳವೆಯ ಒಳಮೈ ಯಾವ ಟಾರ್ಚಿಗೂ ಕಾಣದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಬಿಸಿಲು ಬಾರದ ಕೋಣೆಯಾದರೆ ಬೆಳಕನ್ನು ಒಂದೆಡೆ ಕೂಡಿಸಿ ದೂರ ಎಸೆಯುವ, ಚಾರ್ಜ್ ಮಾಡುವ ಎಲ್‌ಇಡಿ ಟಾರ್ಚ್ ತೆಗೆದುಕೊಳ್ಳಿ.

ಕನ್ನಡಿಯ ಮಿತಿ ಸ್ಪಷ್ಟ: ಒಂದು ಬೆಂಡ್ ಬಂದರೆ ಅದರಾಚೆ ಕುರುಡು. ದಾಖಲೆಯೂ ಉಳಿಯದು, ಕನ್ನಡಿಯಲ್ಲಿ ಕಂಡದ್ದನ್ನು ಮೊಬೈಲಿನಲ್ಲಿ ಹಿಡಿಯಲು ಹೋದರೆ ಅರ್ಧ ಬಾರಿ ನಿಮ್ಮ ಕೈಯೇ ಬರುತ್ತದೆ. ಆದರೂ ಎಂಟು-ಹತ್ತು ಅಡಿಯ ನೇರ ಪೈಪಿಗೆ ನಾನು ಕ್ಯಾಮೆರಾಕ್ಕಿಂತ ಕನ್ನಡಿಯನ್ನೇ ಹೇಳುತ್ತೇನೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ, ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನ ರೂಪಿಸುವ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯಂಥ ಮನೆಯ ಒಲೆಗಳಿಗೆ ಇಂಥ ನೇರ ಕೊಳವೆಯೇ ಇರುತ್ತದೆ. ಅಂಥವರಿಗೆ ಕನ್ನಡಿ, ಟಾರ್ಚ್ ಸಾಕು. ಜೊತೆಗೆ ಮುಂದೆ ಹೇಳುವ ಊದಿನಕಡ್ಡಿ ಒಂದು.

ಕೋಲಿಗೆ ಕಟ್ಟಿದ ಮೊಬೈಲು

ಇಟ್ಟಿಗೆಯ ಅಗಲ ಚಿಮಣಿಗೆ, ಅಂದರೆ ಬೇಕರಿಯ ಭಟ್ಟಿ, ಬೆಲ್ಲದ ಗಾಣದಂಥಲ್ಲಿ, ಒಂಬತ್ತು ಇಂಚಿಗಿಂತ ಹೆಚ್ಚು ಅಗಲ ಇರುವಲ್ಲಿ, ಕೈಯಲ್ಲಿರುವ ಮೊಬೈಲನ್ನು ಮೀರಿಸುವ ಅಗ್ಗದ ಸಾಧನ ಇಲ್ಲ. ಅದರ ಕ್ಯಾಮೆರಾ ಸಾವಿರ ರೂಪಾಯಿಯ ಎಂಡೊಸ್ಕೋಪಿಗಿಂತ ಎಷ್ಟೋ ಮೇಲು. ಬಿದಿರಿನ ಗಳ ಅಥವಾ ಅರ್ಧ ಇಂಚಿನ ಪಿವಿಸಿ ಪೈಪಿನ ತುದಿಗೆ ಸೆಲ್ಫಿ ಕೋಲಿನ ಹಿಡಿಕೆ ಬಿಗಿದು, ಕ್ಯಾಮೆರಾ ಮೇಲ್ಮುಖವಾಗಿರುವಂತೆ ಮೊಬೈಲು ಮಲಗಿಸಿ, ಲೈಟು ಹಾಕಿ ವಿಡಿಯೊ ಚಾಲೂ ಮಾಡಿ ಕೆಳಗಿನಿಂದ ನಿಧಾನವಾಗಿ ಏರಿಸಿ. ಗಳದ ಮೇಲೆ ಪ್ರತಿ ಅಡಿಗೂ ಟೇಪಿನ ಗುರುತು ಸುತ್ತಿ, ಏರಿಸುತ್ತ ಬಾಯಲ್ಲಿ "ಮೂರು ಅಡಿ, ನಾಲ್ಕು ಅಡಿ" ಎಂದು ಹೇಳುತ್ತ ಹೋಗಿ. ವಿಡಿಯೊದಲ್ಲಿ ಅದೂ ದಾಖಲಾಗುತ್ತದೆ. ಬಿರುಕು ಎಷ್ಟನೇ ಅಡಿಯಲ್ಲಿದೆ ಎಂದು ಗೌಂಡಿಗೆ ಬೆರಳಿಟ್ಟು ತೋರಿಸಬಹುದು.

ವಾಟ್ಸ್ಆಪ್ ವಿಡಿಯೊ ಕರೆ ಮಾಡಿ ಇನ್ನೊಂದು ಮೊಬೈಲಿನಲ್ಲಿ ನೇರ ನೋಡುವ ಉಪಾಯವನ್ನು ಹಲವರು ಹೇಳುತ್ತಾರೆ. ಇಟ್ಟಿಗೆಯ ಚಿಮಣಿಯಲ್ಲಿ ಅದು ನಡೆಯಬಹುದು. ಲೋಹದ ಕೊಳವೆಯೊಳಗೆ ಸಿಗ್ನಲ್ ಕಡಿಯುತ್ತದೆ, ವಿಡಿಯೊ ಮಾಡಿಕೊಂಡು ಆಮೇಲೆ ನೋಡುವುದೇ ಖಾತ್ರಿ.

ಎಚ್ಚರ ಬೇಕಾದದ್ದು ಶಾಖಕ್ಕೆ. ಕೊನೆಯ ಉರಿ ಆರಿ 24 ಗಂಟೆ ಕಳೆಯದೆ ಯಾವ ಸಾಧನವನ್ನೂ ಒಳಗೆ ಬಿಡಬೇಡಿ. ಭಟ್ಟಿಗೆ ಅದೂ ಸಾಲದು. ಬ್ರೆಡ್ಡು, ಖಾರಿ ಬೇಯಿಸುವ ದಪ್ಪ ಗೋಡೆಯ ಭಟ್ಟಿ ಶಾಖವನ್ನು ದಿನಗಟ್ಟಲೆ ಹಿಡಿದಿಡುತ್ತದೆ. ಕೈ ಒಳಗೆ ಚಾಚಿ ಆರಾಮಾಗಿ ಇರಬಹುದಾದಷ್ಟು ಆರಿದೆಯೇ ನೋಡಿಯೇ ಮೊಬೈಲು ಬಿಡಿ. ಮೊಬೈಲಿನ ಬ್ಯಾಟರಿ ಕಾದರೆ ಉಬ್ಬುತ್ತದೆ, ಹೊತ್ತಿಕೊಳ್ಳಲೂಬಹುದು.

ಎಂಡೊಸ್ಕೋಪ್

ಈಗ ಎಲ್ಲರೂ ಕೇಳುವ ಸಾಧನಕ್ಕೆ ಬರೋಣ. ಬೆರಳಿಗಿಂತ ಸಪೂರ ಕ್ಯಾಮೆರಾ, ಸುತ್ತ ಆರೆಂಟು ಪುಟ್ಟ ಎಲ್‌ಇಡಿ, ಉದ್ದ ಕೇಬಲ್, ಕೊನೆಗೆ ಮೊಬೈಲಿಗೆ ಸಿಕ್ಕಿಸುವ ಪಿನ್ನು ಅಥವಾ ವೈ-ಫೈ ಪೆಟ್ಟಿಗೆ. ಸಾವಿರದ ಆಸುಪಾಸಿಗೆ ಶುರುವಾಗುತ್ತದೆ. ಸ್ವಂತ ಪರದೆ ಇರುವುದು ಎರಡೂವರೆ-ಮೂರು ಸಾವಿರದಿಂದ ಮೇಲೆ.

ಇದು ನಿಜವಾಗಿ ಗೆಲ್ಲುವುದು ಒಂದೇ ಕಡೆ: ಮೂರು-ನಾಲ್ಕು ಇಂಚಿನ, ಬೆಂಡ್ ಇರುವ ಪೈಪಿನಲ್ಲಿ. ಖಾನಾವಳಿಯ ಒಲೆಯಿಂದ ಗೋಡೆ ಕೊರೆದು ಹೊರಗೆ ಹೋಗಿ, ಮತ್ತೆ ಮೇಲಕ್ಕೆ ತಿರುಗುವ ಪೈಪಿನಲ್ಲಿ ಮಸಿ ಕೂರುವುದೇ ಆ ತಿರುವಿನಲ್ಲಿ. ಅಲ್ಲಿ ಕನ್ನಡಿ ಸೋತರೆ ಎಂಡೊಸ್ಕೋಪ್ ನುಸುಳುತ್ತದೆ. ಅಗಲ ಚಿಮಣಿಯಲ್ಲಿ ಇದು ದಂಡ. ಇದರ ಕ್ಯಾಮೆರಾಕ್ಕೆ ಸ್ಪಷ್ಟ ಕಾಣುವುದು ಕೆಲವೇ ಸೆಂಟಿಮೀಟರ್ ದೂರದ್ದು, ಎಲ್‌ಇಡಿಯ ಬೆಳಕನ್ನು ಕಪ್ಪು ಗೋಡೆ ನುಂಗುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಚಿಮಣಿಯ ನಡುವೆ ತೂಗುತ್ತಿದ್ದರೆ ಪರದೆಯ ಮೇಲೆ ಕತ್ತಲು ಬಿಟ್ಟರೆ ಬೇರೇನೂ ಇಲ್ಲ.

ಕೊಳ್ಳುವಾಗ ಮೆಗಾಪಿಕ್ಸೆಲ್ ಕೇಳಬೇಡಿ, ಕೇಬಲ್ ಹೇಗಿದೆ ಎಂದು ಕೇಳಿ. ಮೆತ್ತನೆಯ ಕೇಬಲ್ ಮೇಲಿನಿಂದ ಇಳಿಬಿಡಲು ಮಾತ್ರ ಸರಿ, ಕೆಳಗಿನಿಂದ ತಳ್ಳಿದರೆ ಮೊದಲ ಎರಡು ಅಡಿಯಲ್ಲೇ ಸುರುಳಿ ಸುತ್ತುತ್ತದೆ. ಬಗ್ಗಿಸಿದರೆ ಹಾಗೇ ನಿಲ್ಲುವ, ಅರೆ ಬಿಗಿಯಾದ ಕೇಬಲ್ ಬೇಕು. ಈಗಾಗಲೇ ಮೆತ್ತನೆಯದನ್ನು ಕೊಂಡಿದ್ದರೆ ಎಸೆಯಬೇಕಿಲ್ಲ. ಮನೆ ವೈರಿಂಗ್ ಮಾಡುವವರು ಪೈಪಿನೊಳಗೆ ತಂತಿ ಎಳೆಯಲು ಬಳಸುವ ನೈಲಾನ್ ಫಿಶ್ ವೈರಿಗೆ ಅಲ್ಲಲ್ಲಿ ಟೇಪು ಸುತ್ತಿ ಜೊತೆಗೆ ತಳ್ಳಿದರೆ ಎರಡು ಬೆಂಡ್ ದಾಟಿಸಬಹುದು. ಐದು ಮೀಟರ್ ಉದ್ದ ಮನೆ, ಖಾನಾವಳಿಗೆ ಧಾರಾಳವಾಯಿತು. ಹತ್ತು ಮೀಟರಿನದು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಸುತ್ತಿ ಬಿಡಿಸುವುದೇ ಕೆಲಸವಾಗುತ್ತದೆ. ವೈ-ಫೈ ಬೇಕೋ ತಂತಿಯದೋ ಎಂಬ ಗೊಂದಲ ಇರುವವರಿಗೆ: ವೈ-ಫೈ ಪೆಟ್ಟಿಗೆ ಕೊಳವೆಯ ಹೊರಗೇ ಇರುವುದರಿಂದ ಸಿಗ್ನಲಿನ ತೊಂದರೆ ಇಲ್ಲ, ಆದರೆ ಅದರ ಬ್ಯಾಟರಿ ಇನ್ನೊಂದು ಉಸಾಬರಿ. ತಂತಿಯದು ಎಲ್ಲ ಮೊಬೈಲಿಗೂ ಹೊಂದುವುದಿಲ್ಲ. ಅಂಗಡಿಯಲ್ಲೇ ನಿಮ್ಮ ಮೊಬೈಲಿಗೆ ಸಿಕ್ಕಿಸಿ ಚಿತ್ರ ಬಂದ ಮೇಲೆಯೇ ದುಡ್ಡು ಕೊಡಿ.

ಎಂಡೊಸ್ಕೋಪಿನ ಇನ್ನೊಂದು ಮೋಸ, ಅಳತೆ ತಿಳಿಯದಿರುವುದು. ಕ್ಯಾಮೆರಾ ಗೋಡೆಗೆ ಅಷ್ಟು ಹತ್ತಿರ ಇರುವುದರಿಂದ ಒಂದು ಮಿಲಿಮೀಟರ್ ಮಸಿಯ ಪದರೂ ಗುಡ್ಡದಂತೆ ಕಾಣುತ್ತದೆ. ಜನ ಹೆದರಿ ಚೆನ್ನಾಗಿರುವ ಪೈಪನ್ನೇ ಬದಲಿಸುತ್ತಾರೆ. ಡಬ್ಬಿಯಲ್ಲಿ ಬರುವ ಪುಟ್ಟ ಕೊಕ್ಕೆಯನ್ನು ಕ್ಯಾಮೆರಾದ ಮೂತಿಗೆ ಸಿಕ್ಕಿಸಿ. ಕೊಕ್ಕೆಯ ದಪ್ಪ ಮೊದಲೇ ಅಳೆದಿಟ್ಟುಕೊಂಡರೆ ಅದೇ ಚಿತ್ರದೊಳಗಿನ ಅಳತೆಗೋಲು. ಅದರಿಂದಲೇ ಗೋಡೆಯನ್ನು ಒಂದಿಷ್ಟು ಕೆರೆದು ನೋಡಿದರೆ ಮಸಿಯ ಬಗೆಯೂ ತಿಳಿಯುತ್ತದೆ. ಪುಡಿಯಾಗಿ ಉದುರಿದರೆ ಸರಿ, ಚಕ್ಕೆಯಾಗಿ ಎದ್ದರೆ ಸಫಾಯಿಯ ಹೊತ್ತು ಬಂದಿದೆ, ಕೊಕ್ಕೆ ಜಾರಿ ಗೆರೆಯೂ ಬೀಳದಿದ್ದರೆ ಒಲೆ ಬಂದ್ ಮಾಡಿ.

ಕ್ಯಾಮೆರಾಕ್ಕಿಂತ ಮುಂಚೆ ಒಂದು ಮುಚ್ಚಳ

ಎಂಡೊಸ್ಕೋಪಿಗೆ ದುಡ್ಡು ತೆಗೆದಿಟ್ಟವರಿಗೆ ನನ್ನದೊಂದು ಕೋರಿಕೆ. ಮೊದಲು ಫ್ಯಾಬ್ರಿಕೇಶನ್ ಅಂಗಡಿಯವರನ್ನು ಕರೆದು, ಬೆಂಡ್ ಇರುವಲ್ಲಿ ಅದರ ಬದಲು ಟಿ ಆಕಾರದ ತುಂಡು ಹಾಕಿಸಿ, ಅದರ ಖಾಲಿ ಬಾಯಿಗೆ ಬಿಗಿಯಾದ ಮುಚ್ಚಳ ಮಾಡಿಸಿ. ಆ ಮುಚ್ಚಳ ತೆಗೆದರೆ ತಿರುವಿನ ಎರಡೂ ಕಡೆ ಕನ್ನಡಿಯಿಂದಲೇ ಕಾಣುತ್ತದೆ. ಕಂಡ ಮಸಿಯನ್ನು ಅಲ್ಲಿಂದಲೇ ಬ್ರಶ್ ಹಾಕಿ ತೆಗೆಯಲೂ ಬರುತ್ತದೆ. ಕ್ಯಾಮೆರಾ ತೋರಿಸುತ್ತದೆಯೇ ಹೊರತು ತೆಗೆಯುವುದಿಲ್ಲ. ಒಂದೇ ಬೆಂಡ್ ಇರುವ ಖಾನಾವಳಿಯವರಾದರೆ ಈ ಒಂದು ಕೆಲಸದಿಂದ ಕ್ಯಾಮೆರಾದ ಖರ್ಚೇ ಉಳಿದೀತು. ಬಾಡಿಗೆ ಕಟ್ಟಡ, ಪೈಪು ಮುಟ್ಟಲು ಮಾಲೀಕರು ಬಿಡುವುದಿಲ್ಲ ಎನ್ನುವವರಿಗೆ, ಎರಡು ಮೂರು ಬೆಂಡ್ ಇರುವವರಿಗೆ ಎಂಡೊಸ್ಕೋಪ್ ಸರಿ.

ಮುಚ್ಚಳ ಸಡಿಲ ಇರಬಾರದು. ಸಡಿಲ ಮುಚ್ಚಳ ಗಾಳಿ ಒಳಗೆಳೆದು ಹೊಗೆಯನ್ನು ತಣಿಸುತ್ತದೆ, ಎಳೆತ ಕುಗ್ಗುತ್ತದೆ.

ಸಿಮೆಂಟಿನ ಎಸಿ (ಅಸ್ಬೆಸ್ಟಸ್ ಸಿಮೆಂಟ್) ಪೈಪು ಹಾಕಿದವರು ಮಾತ್ರ ಇದಕ್ಕೆ ಕೈ ಹಚ್ಚಬೇಡಿ. ಎಸಿ ಪೈಪಿನಲ್ಲಿ ಕಲ್ನಾರು ಇರುತ್ತದೆ. ಕೊಯ್ದರೆ, ಕೊರೆದರೆ, ಒಣ ಬ್ರಶ್ಶಿನಿಂದ ಉಜ್ಜಿದರೆ ಅದರ ಎಳೆಗಳು ಗಾಳಿಗೆ ಬಂದು ಪುಪ್ಪುಸ ಸೇರುತ್ತವೆ. ಅಂಥ ಪೈಪನ್ನು ಕಣ್ಣಿಂದ ನೋಡಿ, ಬಿರುಕು ಕಂಡರೆ ಇಡಿಯಾಗಿ ಬದಲಿಸಿ.

ಊದಿನಕಡ್ಡಿ: ಕಾಣದ್ದನ್ನು ಹೇಳುವುದು

ಚಿಮಣಿ ಒಳಗೆಲ್ಲ ಚೊಕ್ಕಟ ಇದ್ದೂ ಹೊಗೆ ಕೋಣೆಗೆ ಬರುವುದುಂಟು. ಆಗ ಯಾವ ಕ್ಯಾಮೆರಾವೂ ಕಾರಣ ಹೇಳದು. ಊದಿನಕಡ್ಡಿ ಹಚ್ಚಿ ಒಲೆಯ ಬಾಯಿಯ ಬಳಿ, ಆಮೇಲೆ ಪ್ರತಿ ಜೋಡಣೆಯ ಬಳಿ ಹಿಡಿಯಿರಿ. ಹೊಗೆಯ ಎಳೆ ಒಲೆಯೊಳಗೆ ಬಾಗಿದರೆ ಎಳೆತ ಇದೆ. ನೇರ ನಿಂತರೆ ಎಳೆತ ಸತ್ತಿದೆ. ನಿಮ್ಮ ಮುಖದ ಕಡೆ ತಿರುಗಿದರೆ ಚಿಮಣಿ ಉಲ್ಟಾ ಉಸಿರಾಡುತ್ತಿದೆ.

ಈ ಪರೀಕ್ಷೆಯನ್ನು ಎರಡು ಬಾರಿ ಮಾಡಬೇಕು: ಎಕ್ಸಾಸ್ಟ್ ಫ್ಯಾನ್ ಬಂದ್ ಇದ್ದಾಗ ಒಮ್ಮೆ, ಬಾಗಿಲು ಕಿಟಕಿ ಮುಚ್ಚಿ ಫ್ಯಾನ್ ಚಾಲೂ ಇಟ್ಟು ಒಮ್ಮೆ. ಖಾನಾವಳಿಯಲ್ಲಿ ಬಹಳ ಸಲ ಕಳ್ಳ ಸಿಗುವುದು ಇಲ್ಲೇ. ಫ್ಯಾನ್ ಕೋಣೆಯ ಗಾಳಿ ಹೊರಗೆ ದಬ್ಬುತ್ತದೆ, ಬೇರೆ ದಾರಿ ಇಲ್ಲದ ಹೊಸ ಗಾಳಿ ಚಿಮಣಿಯಿಂದಲೇ ಕೆಳಗಿಳಿಯುತ್ತದೆ. ಇದಕ್ಕೆ ಮದ್ದು ಬಾಗಿಲ ಕೆಳಗೊಂದು ಜಾಳಿ, ಕ್ಯಾಮೆರಾ ಅಲ್ಲ.

ನಮ್ಮ ಕಡೆಯವರು ಹೊತ್ತು ನೋಡಿ ಪರೀಕ್ಷೆ ಮಾಡಬೇಕು. ಎಳೆತ ಹುಟ್ಟುವುದು ಒಳಗಿನ ಬಿಸಿ ಹೊಗೆಗೂ ಹೊರಗಿನ ಗಾಳಿಗೂ ಇರುವ ತೂಕದ ವ್ಯತ್ಯಾಸದಿಂದ. ನಾಲ್ಕು ಮೀಟರ್ ಚಿಮಣಿಯಲ್ಲಿ 200 ಡಿಗ್ರಿ ಹೊಗೆ ಇದ್ದು ಹೊರಗೆ 15 ಡಿಗ್ರಿ ಇದ್ದರೆ ಲೆಕ್ಕದ ಪ್ರಕಾರ ಸುಮಾರು 19 ಪಾಸ್ಕಲ್ (ಒತ್ತಡದ ಅಳತೆ) ಎಳೆತ ಸಿಗುತ್ತದೆ. ಹೊರಗೆ 42 ಡಿಗ್ರಿ ಆದರೆ ಅದು 15ಕ್ಕೆ ಇಳಿಯುತ್ತದೆ. ಒಲೆ ಹಚ್ಚದೆ ಪರೀಕ್ಷಿಸಿದರಂತೂ ಇನ್ನೂ ಗೊಂದಲ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಕಲ್ಲು-ಇಟ್ಟಿಗೆಯ ಚಿಮಣಿಯ ಒಳಗು ಹೊರಗಿನ ಗಾಳಿಗಿಂತ ತಣ್ಣಗಿರುತ್ತದೆ, ಆಗ ಗಾಳಿ ಕೆಳಮುಖವಾಗಿ ಹರಿಯುವುದು ಸಹಜ. ಅದನ್ನು ಕಂಡು ಚಿಮಣಿ ಕೆಟ್ಟಿದೆ ಎನ್ನಬಾರದು. ನಸುಕಿನಲ್ಲಿ, ಕಾಗದ ಉರಿಸಿ ಕೊಳವೆಯನ್ನು ಸ್ವಲ್ಪ ಬೆಚ್ಚಗೆ ಮಾಡಿ ಆಮೇಲೆ ಕಡ್ಡಿ ಹಿಡಿಯಿರಿ.

ಸೋರಿಕೆ ಹುಡುಕಲು ಲೋಬಾನ ಇನ್ನೂ ಒಳ್ಳೆಯದು. ಒಲೆಯಲ್ಲಿ ಕೆಂಡದ ಮೇಲೆ ಲೋಬಾನ ಹಾಕಿ, ಹೊಗೆ ತುದಿಗೆ ಬಂದದ್ದು ಕಂಡ ಮೇಲೆ ತುದಿಯನ್ನು ಒದ್ದೆ ಗೋಣಿಚೀಲದಿಂದ ಸ್ವಲ್ಪ ಹೊತ್ತು ಮುಚ್ಚಿದರೆ, ಬಿರುಕು ಇದ್ದ ಕಡೆಯೆಲ್ಲ ಬಿಳಿ ಹೊಗೆ ಇಣುಕುತ್ತದೆ. ಮಾಳಿಗೆಯ ಮೇಲೆ ಭದ್ರವಾಗಿ ನಿಂತು ಕೈಗೆಟುಕುವ ಚಿಮಣಿಗೆ ಮಾತ್ರ ಇದು. ಒಳಗೆ ಬಾಗಿಲು ಕಿಟಕಿ ತೆರೆದಿರಲಿ, ಮಕ್ಕಳು, ಉಬ್ಬಸದವರು ಹೊರಗಿರಲಿ, ನೋಡಿದ ಕೂಡಲೇ ಚೀಲ ತೆಗೆಯಿರಿ. ಹಳೆ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಪಕ್ಕದವರಿಗೆ ಮೊದಲೇ ಹೇಳಿಡಿ. ಅವರ ಕೋಣೆಯಲ್ಲಿ ಲೋಬಾನದ ವಾಸನೆ ಬಂದರೆ ಅದೂ ಒಂದು ಉತ್ತರವೇ.

ಶಾಖ ಅಳೆಯುವ ಗನ್

ಒಂದೂವರೆ ಸಾವಿರದೊಳಗೆ ಸಿಗುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಲೆ ಉರಿಯುತ್ತಿರುವಾಗಲೇ ಹೊರಗಿನಿಂದ ತಪಾಸಣೆ ಮಾಡುವ ಸಾಧನ. ಇಟ್ಟಿಗೆಯ ಗೋಡೆಯ ಒಂದು ಕಡೆ ಮಾತ್ರ ಸುತ್ತಲಿಗಿಂತ ಬಹಳ ಬಿಸಿ ತೋರಿಸಿದರೆ ಆ ಜಾಗದ ಒಳಗೆ ಗಾರೆ ಉದುರಿದೆ ಎಂದು ಅನುಮಾನಿಸಬಹುದು. ಮಾಳಿಗೆ ಮನೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ತೊಲೆ, ಜಂತಿಗಳ ನಡುವೆ ತಗಡಿನ ಪೈಪು ದಾಟುವಲ್ಲಿ ಕಟ್ಟಿಗೆಗೂ ಪೈಪಿಗೂ 45 ಸೆಂಟಿಮೀಟರ್ ಅಂತರ ಇರಬೇಕು, ಇರುವುದು ಅಪರೂಪ. ವರ್ಷಗಟ್ಟಲೆ ಶಾಖ ತಿಂದ ಕಟ್ಟಿಗೆ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುತ್ತದೆ. ಅಲ್ಲಿ ಜಂತಿಯ ಮೈ ಎಷ್ಟು ಬಿಸಿ ಆಗುತ್ತದೆಂದು ಅಳೆದು ಬರೆದಿಡಿ. ಕೈ ಇಟ್ಟು ತಾಳಲಾಗದಷ್ಟಿದ್ದರೆ ಪೈಪಿನ ದಾರಿಯನ್ನೇ ಬದಲಿಸಬೇಕು.

ಕೊರೊನಾ ಕಾಲದ ಹಣೆಗೆ ಹಿಡಿಯುವ ಗನ್ ಇದಕ್ಕೆ ನಡೆಯದು, ಅದು ಜ್ವರದ ಆಚೆಗೆ ಅಳೆಯುವುದಿಲ್ಲ. ಹೊಳೆಯುವ ಸ್ಟೀಲ್ ಪೈಪಿಗೆ ಗುರಿಯಿಟ್ಟರೆ ಸರಿಯಾದ ಗನ್ನೂ ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಪೈಪಿನ ಮೇಲೆ ಶಾಖ ತಡೆಯುವ ಮಂಕು ಕಪ್ಪು ಬಣ್ಣದ ಚುಕ್ಕೆ ಹಚ್ಚಿ ಅದಕ್ಕೇ ಗುರಿಯಿಡಿ. 12:1 ಎಂದು ಬರೆದ ಗನ್ ಹನ್ನೆರಡು ಅಡಿ ದೂರದಿಂದ ಒಂದು ಅಡಿ ಅಗಲದ ಸರಾಸರಿ ಹೇಳುತ್ತದೆ, ಹಾಗಾಗಿ ಹತ್ತಿರ ಹೋಗಿ.

ಎತ್ತರದ ಚಿಮಣಿಗೆ

ಬೀದರ್ ಜಿಲ್ಲೆಯ ಬೆಲ್ಲದ ಗಾಣಗಳ, ದೊಡ್ಡ ಭಟ್ಟಿಗಳ ಇಟ್ಟಿಗೆ ಚಿಮಣಿಗೆ ಯಾರೂ ಹತ್ತಬಾರದು. ತುದಿಯ ಇಟ್ಟಿಗೆ ಸಡಿಲಾಗಿದೆಯೇ, ವಾಲಿದೆಯೇ, ಪಾರಿವಾಳ, ಗೊರವಂಕ ಗೂಡು ಕಟ್ಟಿವೆಯೇ ಎಂಬುದು ದುರ್ಬೀನಿನಿಂದ ಕಾಣುತ್ತದೆ. ಅದನ್ನೂ ಕೊಳ್ಳಬೇಕಿಲ್ಲ, ಜೂಮ್ ಚೆನ್ನಾಗಿರುವ ಮೊಬೈಲು ಸಾಕು. ಮದುವೆ ವಿಡಿಯೊದವರ ಡ್ರೋನ್ ಕರೆಸುವ ಯೋಚನೆ ಇದ್ದರೆ ಬೀದರಿನಲ್ಲಿ ವಾಯುಪಡೆಯ ನೆಲೆ, ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಇರುವುದು ನೆನಪಿರಲಿ. ಡ್ರೋನ್ ಹಾರಿಸುವವರಿಗಾಗಿ ಸರ್ಕಾರ ಇಟ್ಟಿರುವ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡದೆ ಹಾರಿಸಬೇಡಿ.

ದಾರಿ ತೆರೆದಿದೆಯೇ ಎಂದು ತಿಳಿಯಲು ಹಳೆಯ ಉಪಾಯ ಚೆಂಡು: ಕೊಳವೆಯ ಅಗಲಕ್ಕಿಂತ ಸುಮಾರು 25 ಮಿಲಿಮೀಟರ್ ಚಿಕ್ಕದಾದ ಭಾರದ ಚೆಂಡನ್ನು ಹಗ್ಗಕ್ಕೆ ಕಟ್ಟಿ ಮೇಲಿನಿಂದ ಇಳಿಸುವುದು. ಎಲ್ಲಿ ನಿಂತಿತೋ ಅಲ್ಲಿ ಅಡ್ಡ ಇದೆ, ಹಗ್ಗ ಅಳೆದರೆ ಎಷ್ಟನೇ ಅಡಿ ಎಂದು ಗೊತ್ತಾಗುತ್ತದೆ. ಆದರೆ ಬಿರುಕು, ಮಸಿಯ ಬಗೆ ಇದರಿಂದ ತಿಳಿಯದು, ಮೇಲೆ ಹೋಗಲು ಭದ್ರ ದಾರಿಯೂ ಬೇಕು. ಅಂಥ ದಾರಿ ಇರುವ ಆರೇಳು ಇಂಚಿನ ನೇರ ಚಿಮಣಿಗೆ ಬೋರ್‌ವೆಲ್‌ನೊಳಗೆ ಕ್ಯಾಮೆರಾ ಬಿಡುವವರನ್ನು ಕೇಳಿ ನೋಡಿ. ಅವರ ಕ್ಯಾಮೆರಾ ಅಂಥ ಅಗಲಕ್ಕೇ ಮಾಡಿದ್ದು, ಬೆಳಕು ಜೋರು, ಆಳ ಮೀಟರಿನಲ್ಲೇ ತೋರುತ್ತದೆ. ಪೈಪ್ ತಪಾಸಣೆಯ ದೊಡ್ಡ ಕ್ಯಾಮೆರಾ ಕೊಳ್ಳಲು ಹತ್ತಾರು ಸಾವಿರ ಹಾಕುವುದಕ್ಕಿಂತ ಬಾಡಿಗೆ ಕೊಡುವುದು ಲೇಸು.

ಯಾರಿಗೆ ಯಾವುದು

ಮನೆಯಲ್ಲಿ ನೇರ ಪೈಪು ಇದ್ದವರಿಗೆ ಕನ್ನಡಿ, ಟಾರ್ಚ್, ಊದಿನಕಡ್ಡಿ ಸೇರಿ ಐನೂರರೊಳಗೆ ಮುಗಿಯುತ್ತದೆ. ಮಾಳಿಗೆ ಮನೆಯಾದರೆ ಶಾಖದ ಗನ್ನಿಗೆ ಇನ್ನಷ್ಟು ದುಡ್ಡು ಹಾಕಿ, ಅಲ್ಲಿ ಅದರ ಮೇಲೆ ಜಿಪುಣತನ ಬೇಡ. ಖಾನಾವಳಿಯವರು ಮೊದಲು ಟಿ ತುಂಡು, ಆಮೇಲೂ ಕಾಣದ ಬೆಂಡ್ ಉಳಿದರೆ ಅರೆ ಬಿಗಿ ಕೇಬಲಿನ ಎಂಡೊಸ್ಕೋಪ್. ನಾಲ್ಕು ಜನ ಖಾನಾವಳಿಯವರು ಕೂಡಿ ಒಂದನ್ನು ಕೊಂಡರೂ ನಡೆಯುತ್ತದೆ. ಒಲೆಯ ಕೋಣೆಯಲ್ಲೇ ಯಾರಾದರೂ ಮಲಗುತ್ತಿದ್ದರೆ ಉಳಿದೆಲ್ಲಕ್ಕಿಂತ ಮೊದಲು ಕಾರ್ಬನ್ ಮೊನಾಕ್ಸೈಡ್ ಅಲಾರಂ ತನ್ನಿ. ಭಟ್ಟಿ, ಗಾಣದವರಿಗೆ ಗಳಕ್ಕೆ ಕಟ್ಟಿದ ಮೊಬೈಲು, ಎರಡು ಮೂರು ವರ್ಷಕ್ಕೊಮ್ಮೆ ಬಾಡಿಗೆ ಕ್ಯಾಮೆರಾ.

ಮನೆಯ ಚಿಮಣಿಯನ್ನು ವರ್ಷಕ್ಕೊಮ್ಮೆಯಾದರೂ ನೋಡಬೇಕು. ಹೋಟೆಲಿನಲ್ಲಿ ಕಟ್ಟಿಗೆ, ಇದ್ದಿಲಿನ ಅಡುಗೆ ಇದ್ದರೆ ಹೊಗೆಯ ಜೊತೆ ಜಿಡ್ಡೂ ಕೂರುವುದರಿಂದ ತಿಂಗಳಿಗೊಮ್ಮೆ ತಪಾಸಣೆ ಎಂಬುದು ಅಮೆರಿಕದ ಅಗ್ನಿ ಸುರಕ್ಷತೆಯ ಸಂಹಿತೆ ಇಟ್ಟ ಲೆಕ್ಕ. ನಮ್ಮ ತಂದೂರಿ ಹೋಟೆಲುಗಳಿಗೂ ಅದನ್ನೇ ಹಿಡಿಯಲು ಹೇಳುತ್ತೇನೆ. ಮನೆಯವರು ಮಳೆಗಾಲ ಮುಗಿದು ಎಳ್ಳಮಾವಾಸ್ಯೆಯ ಅಡುಗೆ ಹೊತ್ತಿಸುವ ಮುಂಚೆ ಒಮ್ಮೆ ನೋಡಿದರೆ ಮಳೆಗೆ ಬಿಟ್ಟ ಜೋಡಣೆಗಳೂ, ಕಟ್ಟಿದ ಗೂಡು, ಕಣಜಗಳೂ ಒಟ್ಟಿಗೆ ಸಿಗುತ್ತವೆ.

ಯಾವ ಸಾಧನ ಹಿಡಿದರೂ ಮುಖಕ್ಕೆ ಎನ್-95 ಮಾಸ್ಕ್, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ. ಚಿಮಣಿಯ ಮಸಿಗೂ ಕ್ಯಾನ್ಸರಿಗೂ ನಂಟಿದೆ ಎಂದು ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದ, ಚಿಮಣಿ ಗುಡಿಸುವವರನ್ನು ಕಂಡು. ಕೆಲಸ ಮುಗಿದ ಮೇಲೆ ಬಟ್ಟೆ ಬೇರೆಯಾಗಿ ಒಗೆಯಿರಿ. ತೆಗೆದ ವಿಡಿಯೊಗೆ ತಾರೀಖು ಹಾಕಿ ಉಳಿಸಿಡಿ, ಬರುವ ವರ್ಷ ಅದೇ ಬಾಯಿಯಿಂದ, ಅದೇ ಅಡಿಯ ಗುರುತಿನಲ್ಲಿ ಮತ್ತೆ ತೆಗೆಯಿರಿ.